ಅಮ್ಮನ ನೆನಪಿಗೆ ಒಂದು ಓಟ

ಸತ್ತವರ ನೆನಪಿಗೆಂದು ಬದುಕಿರುವವರು ಓಡುವುದು ಎಲ್ಲಿಯಾದರೂ ಉಂಟೆ ಎಂದು ನೀವು ಕೇಳಬಹುದು. ನಮ್ಮಣ್ಣನೂ ಹಾಗೆಯೇ ಕೇಳಿದ. ತಂದೆತಾಯಿಗಳಿಗೆ ತಿಥಿ ಮಾಡುವುದು ನಮಗೆ ಗೊತ್ತು; ಅವರ ಹೆಸರಿನಲ್ಲಿ ಬಾವಿ ತೋಡಿಸುವುದು, ಅರವಟ್ಟಿಗೆ ಇಡುವುದು, ಊರ ಶಾಲೆಗೆ ಒಂದು ಕೊಠಡಿ ಕಟ್ಟಿಸಿಕೊಡುವುದು, ದೇವಸ್ಥಾನಕ್ಕೆ ಗಂಟೆ ಕೊಡಿಸುವುದು ಎಲ್ಲವೂ ಗೊತ್ತು. ಆದರೆ ಐವತ್ತು ದಾಟಿದವನೊಬ್ಬ ಚಡ್ಡಿ ತೊಟ್ಟು, ಎದೆಗೆ ಒಂದು ನಂಬರು ಚುಚ್ಚಿಕೊಂಡು, ಬೆಳಗಿನ ಝಾವ ಬೆಂಗಳೂರಿನ ಬೀದಿಯಲ್ಲಿ ಏದುಸಿರು ಬಿಡುತ್ತ ಓಡಿ, 'ಇದು ನಮ್ಮಮ್ಮನಿಗಾಗಿ' ಎಂದರೆ ನಗು ಬರುವುದು ಸಹಜವೇ.

ಆದರೂ ಈ ಪದ್ಧತಿ ನೀವೂ ನಾನೂ ಎಣಿಸುವಷ್ಟು ಹೊಸದಲ್ಲ. ಲ್ಯಾಟಿನ್ ಕವಿ ವರ್ಜಿಲನ 'ಈನಿಯಡ್' ಮಹಾಕಾವ್ಯದ ಐದನೆಯ ಕಾಂಡವನ್ನು ತೆಗೆದು ನೋಡಿ. ಈನಿಯಸನ ತಂದೆ ಆಂಕೈಸಿಸ್ ಸಿಸಿಲಿ ದ್ವೀಪದಲ್ಲಿ ತೀರಿಕೊಂಡಿರುತ್ತಾನೆ. ಸರಿಯಾಗಿ ಒಂದು ವರ್ಷ ತುಂಬುವ ಹೊತ್ತಿಗೆ ಮಗನ ಹಡಗುಗಳು ಗಾಳಿಗೆ ಸಿಕ್ಕಿ ಮತ್ತೆ ಅದೇ ತೀರಕ್ಕೆ ಬರುತ್ತವೆ. ಮಗ ತಂದೆಯ ಸಮಾಧಿಯ ಮೇಲೆ ಹಾಲೆರೆದು, ಹೂವಿಟ್ಟು, ಬಲಿಯರ್ಪಿಸುತ್ತಾನೆ. ನಮ್ಮ ವರ್ಷಾಂತಕ್ಕೆ ಎಷ್ಟು ಹತ್ತಿರ, ನೋಡಿ! ಅನಂತರ ಒಂಬತ್ತನೆಯ ದಿನ ಪಂದ್ಯಗಳನ್ನು ಏರ್ಪಡಿಸುತ್ತಾನೆ. ಮೊದಲು ಹಡಗುಗಳ ಪಂದ್ಯ, ಆಮೇಲೆ ಓಟದ ಪಂದ್ಯ. ಓಡಿದವರಲ್ಲಿ ಬರಿಗೈಯಲ್ಲಿ ಹಿಂದಿರುಗುವವರು ಯಾರೂ ಇರಕೂಡದೆಂದು ಈನಿಯಸ್ ಮೊದಲೇ ಸಾರಿಬಿಡುತ್ತಾನೆ. ಗೆದ್ದವರಿಗೆ ಬೇರೆ ಬಹುಮಾನ, ಓಡಿದವರೆಲ್ಲರಿಗೂ ಒಂದೊಂದು ಉಡುಗೊರೆ. ಇಂದು ಹತ್ತು ಕಿಲೋಮೀಟರನ್ನು ಹೇಗೋ ಮುಗಿಸಿ ಕೊನೆಯಲ್ಲಿ ಬಂದವನ ಕೊರಳಿಗೂ ಒಂದು ಪದಕ ಹಾಕುತ್ತಾರಲ್ಲ, ಅದರ ಮೂಲಪುರುಷ ಈತನೇ ಇರಬೇಕೆಂದು ನನಗೆ ಒಮ್ಮೊಮ್ಮೆ ತಮಾಷೆಯಾಗಿ ತೋರುತ್ತದೆ. ಆ ಓಟದಲ್ಲಿ ಎಲ್ಲರಿಗಿಂತ ಮುಂದೆ ಇದ್ದವನು ಬಲಿಕೊಟ್ಟ ಹೋರಿಗಳ ರಕ್ತದ ಮೇಲೆ ಕಾಲಿಟ್ಟು ಜಾರಿ ಬೀಳುತ್ತಾನೆ. ಬಿದ್ದವನು ಹಿಂದಿನವನ ಕಾಲಿಗೆ ಅಡ್ಡ ಬಂದು ತನ್ನ ಗೆಳೆಯನನ್ನು ಗೆಲ್ಲಿಸುತ್ತಾನೆ. ಆಮೇಲೆ ದೊಡ್ಡ ಜಗಳ. ಮೃತರ ಹೆಸರಿನಲ್ಲಿ ನಡೆಯುವ ಕಾರ್ಯಗಳಲ್ಲಿ ಬದುಕಿರುವವರ ಜಗಳ ನಮ್ಮ ಕಡೆಯ ವಿಶೇಷವೇನಲ್ಲವೆಂದು ಇದರಿಂದ ತಿಳಿಯುತ್ತದೆ.

ಈನಿಯಸನ ಓಟದಲ್ಲಿ ಇಲ್ಲದಿದ್ದುದು ಒಂದೇ: ದಾನಸಂಗ್ರಹ. ಅದು ನಮ್ಮ ಕಾಲದ್ದು. ಅದಕ್ಕೆ ಮುಖ ಕೊಟ್ಟವನು ಕೆನಡಾ ದೇಶದ ಟೆರ್ರಿ ಫಾಕ್ಸ್ ಎಂಬ ಹುಡುಗ. ಮೂಳೆಯ ಕ್ಯಾನ್ಸರಿನಿಂದಾಗಿ 1977ರಲ್ಲಿ, ಹದಿನೆಂಟರ ಪ್ರಾಯದಲ್ಲಿ, ಅವನ ಬಲಗಾಲನ್ನು ಮೊಣಕಾಲಿನ ಮೇಲಕ್ಕೆ ಕತ್ತರಿಸಬೇಕಾಯಿತು. ಆಸ್ಪತ್ರೆಯಲ್ಲಿ ತನ್ನ ಸುತ್ತ ನರಳುತ್ತಿದ್ದವರನ್ನು ಕಂಡ ಅವನು, ಸಂಶೋಧನೆಗೆ ಹಣ ಕೂಡಿಸಲು ದೇಶದ ಒಂದು ಕಡಲಿನಿಂದ ಇನ್ನೊಂದು ಕಡಲಿಗೆ ಓಡುವೆನೆಂದು ನಿಶ್ಚಯಿಸಿದ. 1980ರ ಏಪ್ರಿಲ್ 12ರಂದು ಸೇಂಟ್ ಜಾನ್ಸ್ ಪಟ್ಟಣದಲ್ಲಿ ತನ್ನ ಕೃತಕ ಕಾಲನ್ನು ಅಟ್ಲಾಂಟಿಕ್ ಸಮುದ್ರದಲ್ಲಿ ಅದ್ದಿ ಹೊರಟ. ದಿನಕ್ಕೆ ಸುಮಾರು 42 ಕಿಲೋಮೀಟರು. ಹೀಗೆ 143 ದಿನ, 5,373 ಕಿಲೋಮೀಟರು. ಸೆಪ್ಟೆಂಬರ್ 1ರಂದು ಥಂಡರ್ ಬೇ ಎಂಬ ಊರಿನ ಬಳಿ ನಿಲ್ಲಬೇಕಾಯಿತು. ರೋಗ ಶ್ವಾಸಕೋಶಕ್ಕೆ ಹಬ್ಬಿತ್ತು. ತಲೆಗೊಂದು ಡಾಲರು ಕೊಡಿ ಎಂಬುದಷ್ಟೇ ಅವನು ದೇಶಬಾಂಧವರನ್ನು ಕೇಳಿದ್ದು. 1981ರ ಫೆಬ್ರವರಿಯ ಹೊತ್ತಿಗೆ ಅಷ್ಟು ಹಣ ಕೂಡಿಯೇಬಿಟ್ಟಿತು. ಅದೇ ಜೂನ್ 28ರಂದು, ಇಪ್ಪತ್ತಮೂರು ತುಂಬುವ ಮೊದಲೇ ಅವನು ತೀರಿಕೊಂಡ. ಮುಂದೆ ಸೆಪ್ಟೆಂಬರಿನಲ್ಲಿ ಅವನ ಹೆಸರಿನ ಓಟ ಆರಂಭವಾಗಿ ಇಂದಿಗೂ ನಡೆಯುತ್ತಿದೆ. ನಮ್ಮಲ್ಲಿ ಮುಂಬಯಿಯ ಮ್ಯಾರಥಾನು 2004ರಲ್ಲಿ, ಬೆಂಗಳೂರಿನ ಹತ್ತು ಕಿಲೋಮೀಟರ್ ಓಟ 2008ರಲ್ಲಿ ಆರಂಭವಾದವು. ಎರಡರಲ್ಲಿಯೂ ಓಟಗಾರರು ತಮಗೆ ಬೇಕಾದ ಸೇವಾಸಂಸ್ಥೆಗೆ ಹಣ ಕೂಡಿಸಿಕೊಡುವ ಏರ್ಪಾಡು ಇದೆ.

ಇನ್ನು ನನ್ನ ಕಥೆಗೆ ಬರುತ್ತೇನೆ.

ನಮ್ಮದು ಸಾಗರದ ಕಡೆಯ ಅಡಿಕೆತೋಟದ ಮನೆ. ಮಲೆನಾಡಿನ ಮನೆಗಳನ್ನು ಕಂಡವರಿಗೆ ಹೇಳಬೇಕಾಗಿಲ್ಲ: ಹೋದೊಡನೆ ಜಗಲಿಯಲ್ಲಿ ಕೂರಿಸಿ, ಬೆಲ್ಲನೀರು ಕೊಟ್ಟು, ಕವಳದ ತಟ್ಟೆಯನ್ನು ಮುಂದಕ್ಕೆ ತಳ್ಳುತ್ತಾರೆ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು. ನಮ್ಮಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆಯ ಜೊತೆ ಕೂತು ಅಡಿಕೆ ಸುಲಿಯುತ್ತ ಕವಳ ಹಾಕಲು ಕಲಿತವಳು. ಕೊಯ್ಲಿನ ಕಾಲದಲ್ಲಿ ನಡುರಾತ್ರಿಯವರೆಗೂ ಮೆಟ್ಟುಗತ್ತಿಯ ಮುಂದೆ ಕೂರಬೇಕು. ನಿದ್ದೆ ತಡೆಯಲು ಒಂದು ಕವಳ, ಹಸಿವು ತಡೆಯಲು ಇನ್ನೊಂದು. ಆ ಅಡಿಕೆ ಮಾರಿದ ದುಡ್ಡಿನಲ್ಲೇ ನಾನು ಓದಿದ್ದು, ಬೆಂಗಳೂರಿಗೆ ಬಂದು ನೌಕರಿ ಹಿಡಿದದ್ದು. ಇದನ್ನು ಮರೆತು ನಾನು ಮಾತನಾಡುತ್ತಿಲ್ಲ. ದಯವಿಟ್ಟು ನೀವೂ ಮರೆಯಬೇಡಿ.

ಅಮ್ಮ 'ಬಾಯಿ ಉರಿ, ಖಾರ ಸೇರುವುದಿಲ್ಲ' ಎಂದು ಹೇಳತೊಡಗಿ ಎಷ್ಟೋ ವರ್ಷಗಳಾಗಿದ್ದುವು. ಸಾರಿಗೆ ಮೆಣಸು ಕಡಿಮೆ ಮಾಡಿಕೊಂಡಳು. ಆಮೇಲೆ ಬಾಯಿ ಪೂರ್ತಿ ತೆರೆಯಲಾಗದೆ ತುತ್ತನ್ನು ಚಿಕ್ಕದು ಮಾಡಿಕೊಂಡಳು. ವಯಸ್ಸಾಯಿತು, ಹಲ್ಲು ಹೋಯಿತು, ಎಂದು ನಾವೂ ಅಂದುಕೊಂಡೆವು. ಅಡಿಕೆಯಿಂದ ಕೆನ್ನೆಯ ಒಳಪದರ ಗಡುಸಾಗಿ ಬಾಯಿ ಬಿಗಿಯುವ ಕಾಯಿಲೆಯೊಂದಿದೆ, ಖಾರ ತಾಗಿದರೆ ಉರಿಯುವುದೇ ಅದರ ಮೊದಲ ಕುರುಹು, ಅದು ಮುಂದೆ ಕ್ಯಾನ್ಸರಿಗೆ ತಿರುಗಬಹುದು, ಎಂಬುದನ್ನು ನಾನು ತಿಳಿದದ್ದು ಎಲ್ಲ ಮುಗಿದ ಮೇಲೆ. ಕೆನ್ನೆಯೊಳಗಿನ ಹುಣ್ಣನ್ನು ಅವಳು ಸೆರಗು ಮರೆಮಾಡಿ ಐದು ತಿಂಗಳು ಬಚ್ಚಿಟ್ಟಳು. ಆ ಐದು ತಿಂಗಳಲ್ಲಿ ನಾನು ಎರಡು ಸಲ ಊರಿಗೆ ಹೋಗಿದ್ದೆ. ಹಬ್ಬದ ಊಟದಲ್ಲಿ ಅವಳು ಒಡೆ ಮುಟ್ಟಲಿಲ್ಲ, 'ಯಾಕಮ್ಮ?' ಎಂದೆ, 'ಬೇಡ ಮಗ, ಎಣ್ಣೆ' ಎಂದಳು. ನಾನು ನನ್ನ ಒಡೆಯನ್ನು ತಿಂದು ಕೈ ತೊಳೆದೆ.

ಬೆಂಗಳೂರಿಗೆ ಕರೆತಂದು ಶಸ್ತ್ರಚಿಕಿತ್ಸೆ ಮಾಡಿಸಿದೆವು. ಅನಂತರ ವಿಕಿರಣ ಚಿಕಿತ್ಸೆ. ಇದರ ಕ್ರಮವನ್ನು ಕಾಣದವರಿಗೆ ಒಂದು ಮಾತು ಹೇಳಬೇಕು. ಯಂತ್ರದ ಕೆಳಗೆ ಮಲಗುವುದು ದಿನಕ್ಕೆ ಕೆಲವೇ ನಿಮಿಷ. ಆದರೆ ವಾರಕ್ಕೆ ಐದು ದಿನದಂತೆ ಆರೇಳು ವಾರ ಅದು ನಡೆಯಬೇಕು, ನಡುವೆ ತಪ್ಪಕೂಡದು. ಎಂದಮೇಲೆ ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಬಂದವರು ಹತ್ತು ನಿಮಿಷದ ಚಿಕಿತ್ಸೆಗಾಗಿ ಎರಡು ತಿಂಗಳು ಊರು ಬಿಟ್ಟು ಬೆಂಗಳೂರಿನಲ್ಲಿ ಇರಬೇಕು, ಜೊತೆಗೆ ಒಬ್ಬರು ಕೂಲಿ ಬಿಟ್ಟು ಇರಬೇಕು. ಚಿಕಿತ್ಸೆಯ ಖರ್ಚಿಗೆ ಸರ್ಕಾರದ ಯೋಜನೆಗಳಿವೆ. 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿಯಂತಹ ಆಸ್ಪತ್ರೆಗಳಿವೆ. ತಲೆಯ ಮೇಲಿನ ಸೂರು, ನುಂಗಲಾಗುವಂತಹ ಮೆದು ಅನ್ನ, ಬಸ್ಸಿನ ಚಾರ್ಜು, ಇವು ಯಾರ ಲೆಕ್ಕದಲ್ಲಿಯೂ ಬರುವುದಿಲ್ಲ. ಅಮ್ಮನಿಗೆ ನನ್ನ ಮನೆಯಿತ್ತು. ಅವಳ ಪಕ್ಕದಲ್ಲಿ ಸರದಿಗೆ ಕಾಯುತ್ತಿದ್ದ ಹೆಂಗಸು ಹದಿನೇಳನೆಯ ದಿನದಿಂದ ಬರಲಿಲ್ಲ. ಬಾಡಿಗೆ ಕೊಡಲಾಗದೆ ಊರಿಗೆ ಹೋದಳಂತೆ. ಅಮ್ಮ ತನ್ನ ನೋವಿನ ಮಧ್ಯದಲ್ಲಿಯೂ ಆಕೆಯ ವಿಷಯವನ್ನೇ ಮತ್ತೆ ಮತ್ತೆ ಕೇಳುತ್ತಿದ್ದಳು. ಮುಂದಿನ ವರ್ಷ ಅಮ್ಮ ತೀರಿಕೊಂಡಳು.

ಹಾಗೆ ಊರಿಗೆ ಹಿಂದಿರುಗಿಬಿಡುವವರಿಗೆ ಇರುವೆಡೆ, ಊಟ ಕೊಡುವ ಒಂದು ಸಣ್ಣ ಸಂಸ್ಥೆಗಾಗಿ ನಾನು ಓಡಿದೆ. ಓಡುವ ವಿಷಯ ಅಣ್ಣನಿಗೆ ತಿಳಿಸಿದಾಗ ಅವನು ಮೊದಲು ನಕ್ಕ. ದಾನ ಕೇಳಲು ನಾನು ಬರೆದ ಕಾಗದವನ್ನು ಓದಿದ ಮೇಲೆ ನಗಲಿಲ್ಲ. ಕಾಗದದಲ್ಲಿ ಅಮ್ಮನಿಗೆ ಕಾಯಿಲೆ ಬಂದದ್ದು ಕವಳದಿಂದ ಎಂದು ಬರೆದಿದ್ದೆ. "ತೋಟದ ಅನ್ನ ಉಂಡು ತೋಟಕ್ಕೇ ಮಸಿ ಬಳಿಯುತ್ತೀಯಲ್ಲ! ಹೊಗೆಸೊಪ್ಪು ಅಂತ ಬರೆ, ಒಪ್ಪುತ್ತೇನೆ. ಅಡಿಕೆ ಅಂತ ಯಾಕೆ ಬರೆದೆ?" ಎಂದ. ಅವನ ಕೋಪ ಬರಿಯ ಕೋಪವಲ್ಲ. ದೇಶದಲ್ಲಿ ಅತ್ಯಂತ ಹೆಚ್ಚು ಅಡಿಕೆ ಬೆಳೆಯುವುದು ಕರ್ನಾಟಕ. ನಮ್ಮ ಜಿಲ್ಲೆಯಲ್ಲಿ ಅದೇ ಬದುಕು. ಕೊಳೆರೋಗ ಬಂದರೆ ಔಷಧಿ ಹೊಡೆಯಬಹುದು, ಬೆಳೆಗೇ ಅಪವಾದ ಬಂದರೆ ಏನು ಹೊಡೆಯುವುದು?

ಆದರೆ ಸಂಗತಿ ಸಂಗತಿಯೇ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ, ಫ್ರಾನ್ಸಿನ ಲಿಯೋನ್ ನಗರದಲ್ಲಿರುವ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1985ರಲ್ಲಿಯೇ ಹೊಗೆಸೊಪ್ಪು ಬೆರೆತ ಕವಳವನ್ನು ಕ್ಯಾನ್ಸರ್‌ಕಾರಕವೆಂದು ಹೇಳಿತ್ತು. 2004ರಲ್ಲಿ ಪ್ರಕಟವಾದ ವರದಿಯಲ್ಲಿ ಹೊಗೆಸೊಪ್ಪಿಲ್ಲದ ಕವಳವನ್ನೂ ಬರಿಯ ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿತು. ಬೆಳೆಗಾರರು ಇದನ್ನು ಒಪ್ಪದೆ ವಾದಿಸುತ್ತ ಬಂದಿದ್ದಾರೆ. ನಾನು ಅಣ್ಣನೊಡನೆ ವಾದಿಸಲಿಲ್ಲ. ಕಾಗದವನ್ನು ತಿದ್ದಲೂ ಇಲ್ಲ. ಮೂರು ತಿಂಗಳು ನಾವಿಬ್ಬರೂ ಮಾತನಾಡಲಿಲ್ಲ.

ನೀವು ಇಂತಹ ಓಟಕ್ಕೆ ಹೊರಡುವುದಾದರೆ ತಿಳಿದಿರಬೇಕಾದ ಎರಡು ಮೂರು ವಿಷಯಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಪ್ರವೇಶಶುಲ್ಕ ಕಟ್ಟಿದೊಡನೆ ದಾನ ಮಾಡಿದಂತಾಯಿತೆಂದು ತಿಳಿಯಬೇಡಿ. ಆ ಹಣ ಸಾಮಾನ್ಯವಾಗಿ ರಸ್ತೆಯ ಬಂದೋಬಸ್ತು, ನೀರು, ಪದಕಗಳ ಖರ್ಚಿಗೆ ಹೋಗುತ್ತದೆ. ದಾನದ ಹಣವನ್ನು ನೀವು ಬೇರೆಯಾಗಿ ಬೇಡಿಯೇ ಕೂಡಿಸಬೇಕು. ಅದನ್ನು ನಿಮ್ಮ ಕೈಯಿಂದ ಮುಟ್ಟಬೇಡಿ. ಕೊಡುವವರು ಸಂಸ್ಥೆಗೆ ನೇರವಾಗಿ ಕೊಟ್ಟು ರಸೀದಿ ಪಡೆಯುವಂತೆ ಮಾಡಿ. ಸಂಸ್ಥೆಗೆ ಒಂದು ದಿನ ಹೇಳದೆ ಕೇಳದೆ ಹೋಗಿ, ಅಡಿಗೆಮನೆ ನೋಡಿ ಬನ್ನಿ. ಲೆಕ್ಕಪತ್ರಕ್ಕಿಂತ ಅಡಿಗೆಮನೆ ಹೆಚ್ಚು ಮಾತನಾಡುತ್ತದೆ.

ಬೇಡುವುದು ಓಡುವುದಕ್ಕಿಂತ ಕಷ್ಟ. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಇಪ್ಪತ್ತೆಂಟು ವರ್ಷ ಸಂಬಳ ಎಣಿಸಿದ ಕೈ ಚಾಚಿದಾಗ ನಡುಗುತ್ತದೆ. ನಾನು ತೊಂಬತ್ತು ಜನಕ್ಕೆ ಬರೆದೆ. ದೊಡ್ಡ ಹುದ್ದೆಯಲ್ಲಿದ್ದವರು ಕೆಲವರು ಉತ್ತರವನ್ನೇ ಕೊಡಲಿಲ್ಲ. ನಮ್ಮ ಕಚೇರಿಯಲ್ಲಿ ಚಹಾ ತಂದುಕೊಡುತ್ತಿದ್ದ ಹುಡುಗ, ಕೇಳದಿದ್ದರೂ, ನೂರು ರೂಪಾಯಿ ಕಟ್ಟಿ ರಸೀದಿಯನ್ನು ತಂದು ತೋರಿಸಿದ. ಅವನ ಅಪ್ಪನಿಗೂ ಗಂಟಲಿನಲ್ಲಿ ಅದೇ. ಹಣ ಕೊಡದೆ ಕಥೆ ಹೇಳಿದವರು ಬಹಳ ಮಂದಿ. ಮೊದಮೊದಲು ಬೇಸರವಾಗುತ್ತಿತ್ತು. ಆಮೇಲೆ ಕೇಳಿಸಿಕೊಳ್ಳುವುದೂ ಈ ಕೆಲಸದಲ್ಲಿ ಸೇರಿದೆಯೆಂದು ತಿಳಿದು, ಕುರ್ಚಿ ಎಳೆದುಕೊಂಡು ಕೂರುವುದನ್ನು ಕಲಿತೆ.

ಓಟದ ಅಭ್ಯಾಸದ ಬಗೆಗೆ ಹೆಚ್ಚು ಹೇಳುವುದಿಲ್ಲ. ಅದಕ್ಕೆ ನನಗಿಂತ ತಿಳಿದವರಿದ್ದಾರೆ. ನಲವತ್ತು ದಾಟಿದ್ದರೆ ಮೊದಲು ವೈದ್ಯರಿಗೆ ಎದೆ ತೋರಿಸಿ. ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಆರಂಭಿಸಿ. ಓಡುತ್ತ ಪಕ್ಕದವನೊಡನೆ ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ ವೇಗ ಹೆಚ್ಚಾಯಿತೆಂದೇ ಅರ್ಥ. ಉಸಿರು ಬೇಗ ಪಳಗುತ್ತದೆ, ಮೂಳೆ ಸ್ನಾಯುರಜ್ಜುಗಳು ನಿಧಾನ. ಆದುದರಿಂದಲೇ, 'ಈಗ ಸುಲಭವಾಯಿತು' ಎನ್ನಿಸುವ ಐದಾರನೆಯ ವಾರದಲ್ಲಿ ಬಹಳ ಮಂದಿ ಕಾಲು ಕೆಡಿಸಿಕೊಳ್ಳುತ್ತಾರೆ. ನಾನೂ ಕೆಡಿಸಿಕೊಂಡು ಹನ್ನೆರಡು ದಿನ ಕುಂಟಿದೆ. ಓಟದ ದಿನಕ್ಕೆಂದು ಹೊಸ ಬೂಟು ತೆಗೆದಿಡಬೇಡಿ. ಹೊಸ ಬೂಟು ಹಳೆಯ ಸಾಲಗಾರನಿಗಿಂತ ಕೆಟ್ಟದಾಗಿ ಕಚ್ಚುತ್ತದೆ.

ಓಟದ ದಿನ ಬೆಳಿಗ್ಗೆ ಬೆನ್ನಿಗೆ ಒಂದು ಬಟ್ಟೆಯ ಚೂರು ಚುಚ್ಚಿಕೊಂಡಿದ್ದೆ. ಅದರಲ್ಲಿ 'ಅಮ್ಮನಿಗೆ' ಎಂದಷ್ಟೇ ಬರೆದಿತ್ತು. ಅಷ್ಟು ಜನದ ನಡುವೆ ನಿಂತಾಗ ಭಯವೇ ಆಯಿತು. ಮುಂದೆ ನಿಂತವರ ಬೆನ್ನುಗಳನ್ನು ಓದುತ್ತ ನಿಂತೆ: 'ಅಪ್ಪನಿಗಾಗಿ', 'ನನ್ನ ತಂಗಿಗೆ', ಕೆಲವರದು ಬರಿಯ ಒಂದು ಹೆಸರು, ಎರಡು ಇಸವಿ. ಮೊದಲ ಮೂರು ಕಿಲೋಮೀಟರು ಹೇಗೆ ಹೋಯಿತೋ ತಿಳಿಯದು. ಹಲಸೂರು ಕೆರೆಯ ಬಳಿ ಗಾಳಿ ತಂಪಾಗಿತ್ತು. ಕಬ್ಬನ್ ಪಾರ್ಕಿನ ಏರಿನಲ್ಲಿ ಬಿಸಿಲು ಏರಿ, ಕಾಲು ಸೋತು, ನಡೆಯತೊಡಗಿದೆ. ಹಿಂದಿನಿಂದ ಬಂದ ಹುಡುಗಿಯೊಬ್ಬಳು, ಇಪ್ಪತ್ತು ಇಪ್ಪತ್ತೆರಡು ಇರಬಹುದು, "ಅಮ್ಮನಿಗೆ ಏನಾಗಿತ್ತು ಅಂಕಲ್?" ಎಂದಳು. ಹೇಳಿದೆ. "ನಮ್ಮಪ್ಪನಿಗೆ ಹೃದಯ" ಎಂದಳು. ಅವಳೂ ನಡೆದಳು. ಸ್ವಲ್ಪ ದೂರದ ಮೇಲೆ ಇಬ್ಬರೂ ಒಟ್ಟಿಗೆ ಓಡತೊಡಗಿದೆವು, ಮತ್ತೆ ಮಾತಿಲ್ಲ. ಕೊನೆಯ ಗೆರೆ ದಾಟಿದ ಮೇಲೆ ಜನಸಂದಣಿಯಲ್ಲಿ ಅವಳು ಕಾಣಲಿಲ್ಲ. ನನಗೆ ಹಿಡಿದದ್ದು ಒಂದು ಗಂಟೆ ಇಪ್ಪತ್ತೊಂಬತ್ತು ನಿಮಿಷ. ಗೆದ್ದವನು ಅರ್ಧ ಗಂಟೆಯೊಳಗೆ ಮುಗಿಸಿ ಮನೆಗೆ ಹೋಗಿದ್ದ.

ಅಳು ಬರುವುದೆಂದು ಎಣಿಸಿದ್ದೆ, ಬರಲಿಲ್ಲ. ಬಾಳೆಹಣ್ಣು ತಿನ್ನುತ್ತ ಕಲ್ಲುಬೆಂಚಿನ ಮೇಲೆ ಕೂತಿದ್ದಾಗ ಆ ಒಡೆಯ ನೆನಪು ಬಂತು. ಹತ್ತು ಕಿಲೋಮೀಟರು ಓಡಿದರೂ ಅದು ಹಿಂದೆ ಉಳಿದಿರಲಿಲ್ಲ.

ದಾನ ಕೊಟ್ಟವರ ಪಟ್ಟಿಯನ್ನು ಸಂಸ್ಥೆಯವರು ಮುಂದಿನ ವಾರ ಕಳುಹಿಸಿದರು. ಒಟ್ಟು 86,300 ರೂಪಾಯಿ. ಅದರಲ್ಲಿ ಓಟದ ಹಿಂದಿನ ದಿನ ಬಂದ 10,000 ರೂಪಾಯಿಯ ಮುಂದೆ ಅಣ್ಣನ ಹೆಸರು ಇತ್ತು. ಷರಾ ಬರೆಯುವ ಜಾಗದಲ್ಲಿ 'ಅಡಿಕೆ ಮಾರಿದ್ದು' ಎಂದು ಬರೆದಿದ್ದ. ಅದು ಕೋಪವೋ ರಾಜಿಯೋ ನನಗೆ ಇಂದಿಗೂ ಸರಿಯಾಗಿ ತಿಳಿಯದು, ಕೇಳಿಲ್ಲ.

ಆ ವರ್ಷದ ತಿಥಿಗೆ ಊರಿಗೆ ಹೋದೆ. ಊಟವಾದ ಮೇಲೆ ಹೆಂಗಸರು ಹಿಂದಿನ ಜಗಲಿಯಲ್ಲಿ ಕೂತಿದ್ದರು. ನಾನು ಟಾರ್ಚು ಹಿಡಿದು ಹೋಗಿ, "ಚಿಕ್ಕಮ್ಮ, ಸ್ವಲ್ಪ ಬಾಯಿ ತೆರೆ" ಎಂದೆ. ಎಲ್ಲರೂ ನಕ್ಕರು. ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿದರೆ ಬಾಯಿಯೊಳಗೆ ಹೋಗಬೇಕು; ಚಿಕ್ಕಮ್ಮನಿಗೆ ಎರಡೇ ಹೋದುವು. ಎಡಗೆನ್ನೆಯ ಒಳಗೆ ಒರೆಸಿದರೂ ಹೋಗದ ಬಿಳಿಯ ಮಚ್ಚೆಯೊಂದಿತ್ತು. ಮಾರನೆಯ ದಿನ ಅವಳನ್ನು ಸಾಗರಕ್ಕೆ, ಅಲ್ಲಿಂದ ಶಿವಮೊಗ್ಗಕ್ಕೆ ಕರೆದುಕೊಂಡು ಹೋದವನು ಅಣ್ಣ. ಚೂರು ತೆಗೆದು ಪರೀಕ್ಷಿಸಿದರು, ಕ್ಯಾನ್ಸರ್ ಆಗಿರಲಿಲ್ಲ. ಕವಳ ಬಿಡಲೇಬೇಕು, ಆರು ತಿಂಗಳಿಗೊಮ್ಮೆ ಬಂದು ತೋರಿಸಬೇಕು, ಎಂದರು. ಬಿಟ್ಟಿದ್ದಾಳೆ, ಬಹುಮಟ್ಟಿಗೆ. ಕವಳದ ತಟ್ಟೆ ಈಗಲೂ ಜಗಲಿಯ ಮೇಲೆ ಇದ್ದಲ್ಲೇ ಇದೆ. ಬಂದವರ ಮುಂದೆ ಅದನ್ನು ಇಡುವಾಗ ಚಿಕ್ಕಮ್ಮ, "ಬಾಯಿಯಲ್ಲಿ ಹುಣ್ಣು ಗಿಣ್ಣು ಇಲ್ಲ ತಾನೆ? ಎರಡು ಮೂರು ವಾರಕ್ಕೆ ಮಾಯದಿದ್ದರೆ ತೋರಿಸಬೇಕಂತೆ" ಎಂದು ಕೇಳುತ್ತಾಳಂತೆ. ನೆಂಟರು ಸಿಟ್ಟಾಗುತ್ತಾರೆಂದು ಅಣ್ಣನ ದೂರು.